ಮೊದಲ ರಿಂಗಿಗೆ

"ಅಜೂನ್ ಏಕದಾ, ಮ್ಯಾಡಮ್. ಥೋಡಂ ಹಸೂನ್."

ಇನ್ನೊಂದು ಸಲ ಹೇಳಬೇಕಂತೆ, ಸ್ವಲ್ಪ ನಗುತ್ತ. ಗಾರ್ಗಿ ಓಢಣಿಯಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು. ನೂಲಿನ ಗಂಟುಗಳನ್ನು ಜಂತಿಯವರೆಗೆ ಒಟ್ಟಿದ್ದ ಕೋಣೆ ಅದು. ಮೈಕಿನಲ್ಲಿ ಸದ್ದು ಬರುತ್ತದೆಂದು ಆಶಿಷ ಫ್ಯಾನು ಬಂದ್ ಮಾಡಿಸಿದ್ದ. ಎಪ್ರಿಲ್ ತಿಂಗಳ ಸೋಲಾಪುರದಲ್ಲಿ ಫ್ಯಾನಿಲ್ಲದೆ ಕೂಡಿಸಿ, ಮೇಲೆ ನಗು ಎನ್ನುವವನಿಗೆ ಏನೆನ್ನಬೇಕು? ಪುಣೆಯಿಂದ ಬಂದ ಹುಡುಗ, ಕಂಪ್ಯೂಟರ್ ಬಲ್ಲವನು. ಕಂಪ್ಯೂಟರ್ ಕೋಣೆಗೆ ಜನ ಇನ್ನೂ ಚಪ್ಪಲಿ ಕಳಚಿ ಹೋಗುತ್ತಿದ್ದ ಕಾಲವಾದ್ದರಿಂದ ಅವನ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ.

ಗಾರ್ಗಿ ತುಟಿ ಅಗಲಿಸಿ ನಕ್ಕಳು. ನಗುತ್ತಲೇ ಹೇಳಿದಳು: "ನಮಸ್ಕಾರ! ಸಾತಲಿಂಗಪ್ಪ ಯಾರ್ನ್ ಏಜನ್ಸೀಮಧ್ಯೇ ಆಪಲಂ ಸ್ವಾಗತ ಆಹೇ. ಆಜಚ್ಯಾ ಭಾವಾಸಾಠೀ ಏಕ ದಾಬಾ. ಮಾಲಾಚ್ಯಾ ಚೌಕಶೀಸಾಠೀ..."

ಇಂದಿನ ದರಕ್ಕೆ ಒಂದು ಒತ್ತಿ, ಮಾಲಿನ ವಿಚಾರಣೆಗೆ ಎರಡು ಒತ್ತಿ ಎಂದು ಮುಗಿಸುವಷ್ಟರಲ್ಲಿ ಹೊರಗಿನ ಟೇಬಲ್ಲಿನ ಫೋನು ಒಮ್ಮೆ ಬಾರಿಸಿ ಸುಮ್ಮನಾಯಿತು. ರೆಕಾರ್ಡಿಂಗ್ ಕೆಟ್ಟಿತೆಂದು ಆಶಿಷ ಲೊಚಗುಟ್ಟಿದ. ಗಾರ್ಗಿ ಗೋಡೆಯ ಗಡಿಯಾರ ನೋಡಿದಳು, ಮೂರು ಗಂಟೆ. ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಆಗ ಬಿಟ್ಟಳು. ಮುಂದಿನ ಸಲ ಅವಳ ನಗು ನಿಜವಾಗಿಯೇ ಬಂತು, ಆಶಿಷನಿಗೆ ಖುಷಿಯಾಯಿತು.

ಆ ಒಂದು ರಿಂಗು ಅವಳ ಅಕ್ಕ ಕೇತಕಿಯದು. ಅಕ್ಕಲಕೋಟದಿಂದ, ದಿನಾ ಮೂರು ಗಂಟೆಗೆ. ಒಂದೇ ಸಲ ಬಾರಿಸಿ ನಿಂತರೆ 'ಇವತ್ತು ಆರಾಮ ಇದ್ದೇನೆ' ಎಂದರ್ಥ. ಮೂರು ಸಲ ಬಾರಿಸಿ ನಿಂತರೆ 'ಬಾ' ಎಂದರ್ಥ. ಇಬ್ಬರೂ ಮಾತಾಡುವಂತಿರಲಿಲ್ಲ. ಕೇತಕಿಯ ಗಂಡ ಅನಂತನದು ಕೆಳಗೆ ಔಷಧದ ಅಂಗಡಿ, ಮೇಲೆ ಮನೆ, ಎರಡಕ್ಕೂ ಒಂದೇ ಲೈನು. ಕೆಳಗೆ ರಿಸೀವರ್ ಎತ್ತಿದವನಿಗೆ ಮೇಲಿನ ಮಾತೆಲ್ಲ ಕೇಳಿಸುತ್ತಿತ್ತು.

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಆ ಜಾತಿಯ ಮನುಷ್ಯ ಅನಂತ. ಅಕ್ಕಲಕೋಟದ ಸ್ವಾಮಿಯ ಮಠಕ್ಕೆ ದರ್ಶನಕ್ಕೆಂದು ಬಂದ ಬಡವರಿಗೆ ಜ್ವರದ ಗುಳಿಗೆ ಪುಕ್ಕಟೆ ಕೊಡುವನು. ಎಂದೂ ಏರುದನಿಯಲ್ಲಿ ಮಾತಾಡಿದವನಲ್ಲ. ಹೆಂಡತಿಯನ್ನು ಬಡಿಯುವಾಗಲೂ ಅವನ ದನಿ ಏರುತ್ತಿರಲಿಲ್ಲ, ಕೈಗೆ ಸಿಕ್ಕಿದ್ದು ಮಾತ್ರ ಏರುತ್ತಿತ್ತು. ಮದುವೆಯಾದ ವರ್ಷ ಅವಳ ಬೆರಳು ಮುರಿದ. ಮರು ವರ್ಷ ಬೆನ್ನ ಮೇಲೆ ಕುದಿಯುವ ಚಹಾ ಸುರಿದ. ಗಾರ್ಗಿ ಎರಡು ಸಲ ಅಕ್ಕನನ್ನು ಸೋಲಾಪುರಕ್ಕೆ ಕರೆತಂದಳು. ಎರಡು ಸಲವೂ ಅವರ ತಾಯಿ ಗೋದೂಬಾಯಿ ಅವಳ ಉಡಿ ತುಂಬಿ, ಕಣ್ಣೀರು ಸುರಿಸಿ, ಮರುದಿನದ ಬಸ್ಸಿಗೇ ತಿರುಗಿ ಕಳಿಸಿದಳು.

"ಗಂಡ ಹೆಂಡಿರ ಜಗಳ ಉಂಡು ಮಲಗೂ ತನಕ," ಎಂದು ಗೋದೂಬಾಯಿಯ ಮಾತು. ಆ ಗಾದೆ ಕಟ್ಟಿದ ಪುಣ್ಯಾತ್ಮ ಅನಂತನ ಮನೆಯಲ್ಲಿ ಉಂಡಿರಲಿಕ್ಕಿಲ್ಲ. ಅಲ್ಲಿ ಜಗಳ ಶುರುವಾಗುತ್ತಿದ್ದುದೇ ತಾಟಿನ ಮುಂದೆ.

ಮೂರು ರಿಂಗು ಬಂದ ದಿನ ಗಾರ್ಗಿ ತಲೆನೋವೆಂದು ರಜೆ ಕೇಳಿ, ಒಂದು ತೆಂಗಿನಕಾಯಿ ಹಿಡಿದು ಅಕ್ಕಲಕೋಟದ ಬಸ್ಸು ಹತ್ತುವಳು. "ದರ್ಶನಕ್ಕ ಬಂದಿದ್ದೆ ಭಾವ, ಹಂಗ ಅಕ್ಕನ್ನ ನೋಡ್ಕೊಂಡು ಹೋಗೂಣಂತ," ಎಂದು ಅಂಗಡಿಯ ಮುಂದೆ ನಿಲ್ಲುವಳು. ಅನಂತ ಮಂದಿಯ ಬಾಯಿಗೆ ಅಂಜುವವನು. ತವರಿನವರು ಬಂದು ಹೋದ ನಾಲ್ಕೈದು ದಿನ ಅವನ ಕೈ ಸುಮ್ಮನಿರುತ್ತಿತ್ತು. ಅಷ್ಟರಲ್ಲಿ ಕೇತಕಿಯ ಹಳೆಯ ಗಾಯ ಮಾಯುತ್ತಿತ್ತು. ಆ ಅಕ್ಕತಂಗಿಯರು ಕಂಡುಕೊಂಡ ಔಷಧ ಅದೊಂದೇ.

ಮೈಕು ಸುತ್ತಿಡುತ್ತಿದ್ದ ಆಶಿಷನನ್ನು ಗಾರ್ಗಿ ಕೇಳಿದಳು, ಹೊಸ ಮಶೀನು ಎಷ್ಟನೇ ರಿಂಗಿಗೆ ಫೋನು ಎತ್ತುತ್ತದೆ ಎಂದು. ಅವನು ಹೆಮ್ಮೆಯಿಂದ ಮೊದಲನೆಯದಕ್ಕೇ ಎಂದ. ಗಿರಾಕಿ ಕಾಯಬಾರದು, ಅದೇ ಇದರ ದೊಡ್ಡಸ್ತಿಕೆ. ಆಫೀಸಿನ ಮೂರೂ ಲೈನು ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಹೋಗುತ್ತವೆ. ದರ ಬರೆದಿಟ್ಟರೆ ಮಶೀನೇ ಓದಿ ಹೇಳುತ್ತದೆ. ಗಿರಾಕಿ ಒಂಬತ್ತು ಒತ್ತಿದರೆ ಮಾತ್ರ ಗಾರ್ಗಿಯ ಟೇಬಲ್ಲಿಗೆ ಫೋನು ಬರುತ್ತದೆ. ಒಂದು ಲೈನು ಹೊರಗಿಡಲು ಬರುವುದಿಲ್ಲವೇ ಎಂದಳು. ಹಾಗೆ ಮಾಡಿದರೆ ಇಷ್ಟೆಲ್ಲ ಯಾಕೆ ಮಾಡಬೇಕಿತ್ತೆಂದು ಅವನು ನಕ್ಕ.

ಮಶೀನು ಶುರುವಾಗುವುದು ಸೋಮವಾರವೆಂದು ಮೊದಲೇ ನಿಶ್ಚಯವಾಗಿತ್ತು. ಗುರುವಾರ ಅಕ್ಕಲಕೋಟಕ್ಕೆ ಹೋಗಿ ಅಕ್ಕನಿಗೆ ಹೇಳಿ ಬಂದರೆ ಆಯಿತು, ಬೇರೆ ಏನಾದರೂ ಗುರುತು ಗೊತ್ತುಮಾಡಿದರೆ ಆಯಿತು ಎಂದು ಗಾರ್ಗಿಯ ಲೆಕ್ಕ. ಆ ಲೆಕ್ಕವನ್ನು ಮಾಲಕ ಸಾತಲಿಂಗಪ್ಪ ಆ ಸಂಜೆ ಪಂಚಾಂಗ ತೆರೆದು ಕೆಡಿಸಿದ.

"ನಾಳಿ ಅಕ್ಷಯ ತದಿಗಿ, ಮ್ಯಾಲ ಬಸವ ಜಯಂತಿ. ವರ್ಷದ ಸಾಡೇತೀನ್ ಶುಭ ಮುಹೂರ್ತದಾಗಿನ ದಿನಾ ಬಿಟ್ಟು ಸೋಮವಾರದ ಹಾದಿ ಯಾರು ಕಾಯ್ತಾರ? ನಾಳೀನ ಚಾಲೂ ಮಾಡೋದು. ರಾಹುಕಾಲ ಕಳದ ಮ್ಯಾಲ ಪೂಜಿ."

ಗಾರ್ಗಿ ಅವನ ಗಾದಿಯ ಮುಂದೆ ನಿಂತಳು. "ಮಾಲಕ್ರ, ನಾಳಿ ಒಂದ ದಿನಾ ಬ್ಯಾಡ್ರಿ."

"ಯಾಕವಾ? ನಿನ್ನ ನೌಕರಿ ಹೋಗತೈತಿ ಅಂತೇನು? ಹುಚ್ಚಿ, ನಿನ್ನ ತಗಿಯೂದಿಲ್ಲ. ನಿನ್ನ ಧ್ವನೀನ ಅದರಾಗ ತುಂಬೀನಿ."

"ಹಂಗಲ್ರಿ..."

"ಮತ್ತ ಹೆಂಗ?"

ಹೇಗೆಂದು ಹೇಳಬೇಕು? ನನ್ನ ಅಕ್ಕನನ್ನು ನಮ್ಮ ಭಾವ ದನ ಬಡಿದಂತೆ ಬಡಿಯುತ್ತಾನೆ, ನಿಮ್ಮ ಫೋನಿನಿಂದ ಅವಳ ಜೀವ ಕಾಯುತ್ತಿದ್ದೇನೆ ಎಂದು ಪೇಟೆಯ ನಡುವೆ ಹೇಳುವುದೇ? ಸೋಲಾಪುರದಲ್ಲಿ ಮೂರು ತಲೆಮಾರು ಕಾರಕೂನಿಕೆ ಮಾಡಿ ಮರ್ಯಾದೆಯಿಂದ ಬಾಳಿದ ಮನೆತನ ಅವಳದು. "ಏನಿಲ್ರಿ," ಎಂದು ಹೊರಗೆ ಬಂದಳು.

ದಾರಿಯ ಎಸ್‌ಟಿಡಿ ಬೂತಿನಿಂದ ಅಕ್ಕಲಕೋಟಕ್ಕೆ ಫೋನು ಹಚ್ಚಿದಳು. ಎತ್ತಿದವನು ಅನಂತ.

"ಏನ್ ಗಾರ್ಗಿ, ಆರಾಮ ಇದ್ದೀ ಅಲಾ? ಅತ್ತಿಯವರು ಹೆಂಗ ಅದಾರ?"

"ಆರಾಮ ಅದಾಳ್ರಿ. ನಾಳಿ ಹಬ್ಬ ಅಲ್ರಿ, ಅಕ್ಕನ ಜೋಡಿ ಒಂದೀಟು ಮಾತಾಡೂಣಂತ."

"ಮಲಗ್ಯಾಳ. ಎಬ್ಬಸೂದ ಬ್ಯಾಡ, ಪಾಪ, ದಿನಾ ದುಡದು ದಣದಿರತಾಳ. ನಾ ಹೇಳ್ತೀನಿ ಬಿಡು." ಆಗ ಇನ್ನೂ ಸಂಜೆಯ ದೀಪ ಹಚ್ಚಿರಲಿಲ್ಲ. ಗಾರ್ಗಿ ಫೋನಿಟ್ಟಳು. ಒಂದು ದಿನದ ಮಾತು, ದೇವರಿದ್ದಾನೆ ಎಂದುಕೊಂಡಳು.

ಮರುದಿನ ಆಫೀಸಿನಲ್ಲಿ ಹಬ್ಬವೇ ಹಬ್ಬ. ಕಂಪ್ಯೂಟರಿನ ನೆತ್ತಿಗೆ ವಿಭೂತಿ, ಕೀಬೋರ್ಡಿಗೆ ಕುಂಕುಮ, ಪೆಟ್ಟಿಗೆಗೆ ಮಲ್ಲಿಗೆ ಮಾಲೆ. ಪೇಟೆಯ ಹತ್ತು ಹನ್ನೆರಡು ವ್ಯಾಪಾರಿಗಳು ಬಂದು ಗಾದಿಗಳ ಮೇಲೆ ಕುಳಿತಿದ್ದರು. ಮಶೀನಿನ ಮಾತೂ ಫೋನು ಮಾಡಿದವರ ಮಾತೂ ಎಲ್ಲರಿಗೂ ಕೇಳಿಸಲೆಂದು ಆಶಿಷ ಒಂದು ಸ್ಪೀಕರ್ ಕಟ್ಟಿದ್ದ. ಪಕ್ಕದಂಗಡಿಯ ಮಲಕಾಜಪ್ಪ ತನ್ನ ಅಂಗಡಿಯಿಂದ ಫೋನು ಮಾಡಿ ಒಂದು ಒತ್ತಿದ. ಗಾರ್ಗಿಯ ದನಿ ನಗುನಗುತ್ತ ಅವನಿಗೆ ಇಪ್ಪತ್ತನೇ ನಂಬರಿನ ನೂಲಿನ ದರ ಹೇಳಿತು. ಮಂದಿ ಚಪ್ಪಾಳೆ ತಟ್ಟಿದರು. ಮಲಕಾಜಪ್ಪ ಓಡಿ ಬಂದು, ಗಾರ್ಗಿ ಇಲ್ಲೇ ಕುಳಿತಿದ್ದಾಳೆ, ಒಳಗೂ ಮಾತಾಡುತ್ತಾಳೆ, ಒಂದು ಪಗಾರಕ್ಕೆ ಸಾತಲಿಂಗಪ್ಪ ಇಬ್ಬರನ್ನು ದುಡಿಸುತ್ತಾನೆ ಎಂದು ಎಲ್ಲರನ್ನೂ ನಗಿಸಿದ.

ಗಾರ್ಗಿ ತನ್ನ ಟೇಬಲ್ಲಿನ ರಿಸೀವರಿನ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದಳು. ಪೇಢೆ ಹಂಚಲು ಬಾ ಎಂದು ಸಾತಲಿಂಗಪ್ಪ ಕರೆದರೂ ಏಳಲಿಲ್ಲ. ಮೂರಕ್ಕೆ ಒಂದು ರಿಂಗು ಬರುತ್ತದೆ, ಮಶೀನು ಎತ್ತುತ್ತದೆ, ಅಕ್ಕ ಗಾಬರಿಯಾಗಿ ಇಡುತ್ತಾಳೆ, ಅಷ್ಟೇ ಎಂದು ಮನಸ್ಸಿಗೆ ಹೇಳುತ್ತಿದ್ದಳು.

ಮೂರಕ್ಕೆ ಪೆಟ್ಟಿಗೆಯ ಕೆಂಪು ದೀಪ ಮಿನುಗಿತು. ಟೇಬಲ್ಲಿನ ಫೋನು ಬಾರಿಸಲೇ ಇಲ್ಲ.

"ನಮಸ್ಕಾರ!" ಎಂದಿತು ಸ್ಪೀಕರ್, ಗಾರ್ಗಿಯ ದನಿಯಲ್ಲಿ.

ಆ ಕಡೆ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. "ಗಾರ್ಗೀ? ನೀನ ಎತ್ತಿದೇನ?" ಪಿಸುಮಾತು. ಕೇತಕಿಗೆ ಎಷ್ಟೋ ತಿಂಗಳ ಮೇಲೆ ಫೋನಿನಲ್ಲಿ ತಂಗಿಯ ದನಿ ಕೇಳಿಸಿತ್ತು. ಮಾತಾಡಬಾರದೆಂಬ ಕಟ್ಟಳೆ ಆ ಒಂದು ನಮಸ್ಕಾರಕ್ಕೆ ಮುರಿದು ಬಿತ್ತು. "ಗಾರ್ಗೀ, ಬಾ. ಈಗಿಂದೀಗ ಬಾ. ಮಾವಿನ ಹಣ್ಣಿನ ಶೀಕರಣಿ ಹುಳಿ ಆಗೇದ ಅಂತ ತಾಟು ತಗೊಂಡು ತಲಿಗೆ ಹೊಡದ್ರು. ರಕ್ತ ನಿಂದರವಲ್ದು. ಸಂಜಿಗೆ ಬಂದು ಮುಗಸ್ತೀನಿ ಅಂತ ಹೇಳಿ ಕೆಳಗ ಹೋಗ್ಯಾರ. ಇವರು ನನ್ನ ಉಳಸೂದಿಲ್ಲ..."

"ಆಜಚ್ಯಾ ಭಾವಾಸಾಠೀ ಏಕ ದಾಬಾ," ಎಂದು ಗಾರ್ಗಿಯ ದನಿ ನಗುತ್ತ ಹೇಳಿತು.

ಗಾರ್ಗಿ ರಿಸೀವರ್ ಎತ್ತಿ ಕಿರುಚಿದಳು. "ಅಕ್ಕಾ! ನಾ ಬರ್ತೀನಿ! ಅಕ್ಕಾ!" ಕೈಯಲ್ಲಿದ್ದ ಫೋನು ಕಲ್ಲಾಗಿತ್ತು. ಒಂಬತ್ತು ಒತ್ತದ ಹೊರತು ಅದಕ್ಕೆ ಜೀವ ಬರುವಂತಿರಲಿಲ್ಲ. ಒಂಬತ್ತು ಒತ್ತಬೇಕೆಂಬುದು ಕೇತಕಿಗೆ ಗೊತ್ತಿರಲಿಲ್ಲ.

"ಮರಾಠ್ಯಾಗ ಯಾಕ ಮಾತಾಡಾಕತ್ತೀ?" ಸ್ಪೀಕರಿನಲ್ಲಿ ಅಕ್ಕ ಕೇಳಿದಳು. "ಬಾಜೂಕ ಯಾರರೆ ಅದಾರೇನ? ಇರ್ಲಿ, ನೀ ಏನೂ ಮಾತಾಡಬ್ಯಾಡ. ಬರ್ತೀಯೋ ಇಲ್ಲೋ, ಅಷ್ಟ ಹೇಳು. ಹೂಂ ಅನ್ನ ಸಾಕು. ಗಾರ್ಗೀ, ಹೂಂ ಅನ್ನ."

"ಹೂಂ! ಹೂಂ ಅಕ್ಕಾ! ಹೂಂ!" ಗಾರ್ಗಿ ಟೇಬಲ್ಲಿನಿಂದ ಜಿಗಿದು ಸ್ಪೀಕರಿನ ಮುಂದೆ ಬಿದ್ದು ಅದರ ಜಾಳಿಗೆಗೆ ಬಾಯಿ ಹಚ್ಚಿ ಕೂಗಿದಳು. ಸ್ಪೀಕರಿಗೆ ಕಿವಿಯಿರುವುದಿಲ್ಲ.

"ಆಪಲೀ ನಿವಡ ಚುಕಲೀ ಆಹೇ," ಎಂದಿತು ಅವಳದೇ ದನಿ. ನಿಮ್ಮ ಆಯ್ಕೆ ತಪ್ಪಾಗಿದೆ. "ಕೃಪಯಾ ಪುನ್ಹಾ ಪ್ರಯತ್ನ ಕರಾ."

ಆಗ ಲೈನಿನಲ್ಲಿ ಇನ್ನೊಂದು ರಿಸೀವರ್ ಎತ್ತಿದ ಸದ್ದಾಯಿತು. "ಯಾರ ಜೋಡಿ ಮಾತಾಡಾಕತ್ತೀ, ಕೇತಕಿ?" ಅನಂತ ಮೆಲ್ಲಗೆ ಕೇಳಿದ. ಮೇಲಿನ ರಿಸೀವರ್ ಜಾರಿ ಗೋಡೆಗೆ ಬಡಿಯಿತು. ಮೆಟ್ಟಿಲ ಮೇಲೆ ಹೆಜ್ಜೆ. ಬಾಗಿಲು. "ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನ್ರಿ, ಬ್ಯಾಡ್ರಿ," ಎಂದು ಕೇತಕಿ. ಕೊಲ್ಲಲು ಬಂದವನಿಗೂ ಅವಳು ಬಹುವಚನ ಬಿಟ್ಟಿರಲಿಲ್ಲ. ಆಮೇಲೆ ಮೆತ್ತಗಿನದರ ಮೇಲೆ ಗಟ್ಟಿಯಾದದ್ದು ಬೀಳುವ ಸದ್ದು ಬಂತು. ಮತ್ತೆ ಬಂತು. ವ್ಯಾಪಾರಿಗಳು ಬಾಯಲ್ಲಿದ್ದ ಪೇಢೆ ನುಂಗಲಾಗದೆ ಉಗುಳಲಾಗದೆ ಕುಳಿತಿದ್ದರು.

"ಬಂದ್ ಮಾಡೋ ಅದನ್ನ!" ಸಾತಲಿಂಗಪ್ಪ ಗುಡುಗಿದ. "ಮಂದೀ ಮನೀ ಮಾತು ಅದು, ಬಂದ್ ಮಾಡು!"

ಆಶಿಷ ವೈರಿಗೆ ಕೈ ಹಾಕಿದ. ಗಾರ್ಗಿ ಅವನ ಕೈಗೆ ಜೋತುಬಿದ್ದು ಉಗುರು ಇಳಿಸಿದಳು. "ಬ್ಯಾಡ! ಬಂದ್ ಮಾಡಬ್ಯಾಡ್ರಿ, ಅಕಿ ನಮ್ಮ ಅಕ್ಕ! ನಮ್ಮ ಅಕ್ಕ ಅಕಿ!" ಒಳಗೆ ಇಷ್ಟು ವರ್ಷ ಬಚ್ಚಿಟ್ಟದ್ದು ಇಡೀ ಪೇಟೆಯ ಮುಂದೆ ಬಾಯಿಂದ ಹೊರಗೆ ಬಂದಿತ್ತು. ಸ್ಪೀಕರಿನಲ್ಲಿ ಕೇತಕಿ ಒಮ್ಮೆ ನರಳಿದಳು. ಮತ್ತೆ ನರಳಲಿಲ್ಲ.

"ಧನ್ಯವಾದ!" ಎಂದು ನಕ್ಕು ಮಶೀನು ತಾನಾಗಿಯೇ ಫೋನಿಟ್ಟಿತು.

ಯಾರೂ ಉಸಿರು ಬಿಡುವ ಮೊದಲೇ ಕೆಂಪು ದೀಪ ಮತ್ತೆ ಮಿನುಗಿತು. ಯಾರೋ ಮಗ್ಗದವನು ಒಂದು ಒತ್ತಿದ. ನಗುವ ದನಿ ಅವನಿಗೆ ನೂಲಿನ ದರ ಹೇಳತೊಡಗಿತು. ಸಾತಲಿಂಗಪ್ಪ ಒಮ್ಮೆ ಮಶೀನು, ಒಮ್ಮೆ ನೆಲದ ಮೇಲೆ ಕುಳಿತ ಹುಡುಗಿಯನ್ನು ನೋಡಿದ. ಬೈಯಲು ಬಾಯಿ ತೆರೆದವನು ಡ್ರೈವರನನ್ನು ಕರೆದ. "ಬೀರಣ್ಣಾ, ವ್ಯಾನ್ ತಗಿ. ಎಲ್ಲೂ ನಿಂದರಸಬ್ಯಾಡ."

ಅಕ್ಕಲಕೋಟದ ದಾರಿಯಲ್ಲಿ ಗಾರ್ಗಿ ಅಳಲಿಲ್ಲ. ಬೀರಣ್ಣ ನೀರು ಕುಡಿಯವ್ವಾ ಎಂದರೆ ಕುಡಿಯಲಿಲ್ಲ.

ಔಷಧದಂಗಡಿ ತೆರೆದೇ ಇತ್ತು. ಅನಂತ ಕೌಂಟರಿನಲ್ಲಿ ನಿಂತು ಒಬ್ಬ ಮುದುಕಿಗೆ ಗುಳಿಗೆ ಯಾವಾಗ ನುಂಗಬೇಕೆಂದು ಎರಡೆರಡು ಸಲ ತಿಳಿಸಿ ಹೇಳುತ್ತಿದ್ದ. ಮುಖ ತೊಳೆದು, ತಲೆ ಬಾಚಿ, ಅಂಗಿ ಬದಲಿಸಿದ್ದ. ಎಡಗೈಯ ಉಗುರಿನ ಸಂದಿಯಲ್ಲಿ ಮಾತ್ರ ಕೆಂಪು ಉಳಿದಿತ್ತು. ಮೇಲಿನ ಮನೆಯ ಮೆಟ್ಟಿಲ ಬಾಗಿಲಿಗೆ ಬೀಗ ಬಿದ್ದಿತ್ತು.

"ಬಾ ಗಾರ್ಗಿ. ದರ್ಶನಕ್ಕ ಬಂದ್ಯೇನು?" ಎಂದ.

"ಅಕ್ಕ ಎಲ್ಲಿ?"

"ಮಲಗ್ಯಾಳ. ತಲಿ ನೋಯ್ತದಂತ. ಸಂಜಿಗೆ ಬಾ."

"ಕೀಲಿಕೈ ಕೊಡ್ರಿ."

"ಮಂದಿ ನೋಡಾಕತ್ತಾರ. ಒಳಗ ಬಂದು ಮಾತಾಡು."

"ನೋಡ್ಲಿ," ಎಂದಳು ಗಾರ್ಗಿ. ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಬಾಗಿಲಿಗೆ ಆನಿಸಿಟ್ಟಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಕೌಂಟರಿನ ಮೇಲಿದ್ದ ಅವನ ಕೈಯ ಮೇಲೆ ಬಾರಿಸಿದಳು. ಗಾಜು ಸಿಡಿಯಿತು, ಅದರೊಳಗೆ ಎಲುಬು ಮುರಿದದ್ದೂ ಕೇಳಿಸಿತು. ಅನಂತ ಜೀವಮಾನದಲ್ಲಿ ಮೊದಲ ಸಲ ಬಾಯಿಬಿಟ್ಟು ಒದರಿದ. ಅವಳು ಬಿಡಲಿಲ್ಲ. ಹೆಗಲಿಗೆ ಹೊಡೆದಳು, ಬಗ್ಗಿದವನ ಬೆನ್ನಿಗೆ ಹೊಡೆದಳು, ತೆವಳಿದವನ ಮೊಣಕಾಲಿಗೆ ಹೊಡೆದಳು. ಔಷಧದ ಬಾಟಲಿಗಳು ಒಡೆದು ನೆಲವೆಲ್ಲ ಕೆಮ್ಮಿನ ಔಷಧ ಹರಿಯಿತು. ದರ್ಶನದ ಸಾಲಿನಿಂದ ಜನ ಓಡಿ ಬಂದು ಸುತ್ತ ನಿಂತರು. ಯಾರೂ ಕೈ ಹಾಕಲಿಲ್ಲ. ಅವಳಿಗೆ ಸುಖವಾಗುತ್ತಿತ್ತು. ಸುಳ್ಳೇಕೆ ಹೇಳಬೇಕು, ಪ್ರತಿ ಏಟಿಗೂ ಮೈಯೆಲ್ಲ ಹಗುರಾಗುತ್ತಿತ್ತು. ಇನ್ನೊಂದು ಬಿದ್ದಿದ್ದರೆ ಅವನು ಉಳಿಯುತ್ತಿರಲಿಲ್ಲ. ಬೀರಣ್ಣ ಹಿಂದಿನಿಂದ ಅವಳನ್ನು ತೆಕ್ಕೆ ಹಾಯ್ದು ಹಿಡಿದ. "ಸಾಕವ್ವಾ, ಸಾಕು. ಮೊದಲ ಅಕ್ಕನ್ನ ನೋಡು." ಅನಂತನ ಜೇಬಿನಿಂದ ಕೀಲಿಕೈ ಅವನೇ ತೆಗೆದುಕೊಟ್ಟ.

ಮೇಲೆ ಕೇತಕಿ ಗೋಡೆಗೊರಗಿ ಕುಳಿತಿದ್ದಳು. ಒಂದು ಕಣ್ಣು ಮುಚ್ಚಿ ಊದಿತ್ತು. ಕೊರಳ ಸುತ್ತ ಫೋನಿನ ವೈರಿನ ಬಾಸುಂಡೆ. ತಲೆಯ ರಕ್ತ ಇಳಿದು ಸೀರೆ ಮೈಗಂಟಿತ್ತು. ಕಿತ್ತ ಫೋನು ಮೂಲೆಯಲ್ಲಿ ಬಿದ್ದಿತ್ತು. ಗಾರ್ಗಿಯನ್ನು ನೋಡಿ ಅವಳ ಮುಖದಲ್ಲಿ ಏನೂ ಮೂಡಲಿಲ್ಲ.

"ಬದುಕೀ ಏನ ಅಕ್ಕಾ," ಎಂದು ಗಾರ್ಗಿ ಅವಳ ಕಾಲು ಹಿಡಿದು ಗೊಳೋ ಎಂದು ಅತ್ತಳು. ಕೇತಕಿ ಕಾಲು ಹಿಂದಕ್ಕೆ ಎಳೆದುಕೊಂಡಳು.

ಬೀರಣ್ಣ ಅವಳನ್ನು ಕೂಸಿನಂತೆ ಎತ್ತಿ ತಂದು ವ್ಯಾನಿನ ಹಿಂದಿನ ಸೀಟಿನಲ್ಲಿ ಮಲಗಿಸಿದ. ತಲೆ ಗಾರ್ಗಿಯ ತೊಡೆಯ ಮೇಲೆ. ಓಢಣಿ ಹರಿದು ಕಟ್ಟಿದರೂ ರಕ್ತ ಒಸರುತ್ತಲೇ ಇತ್ತು. ಮೊದಲು ಸೋಲಾಪುರದ ದವಾಖಾನೆ, ಆಮೇಲೆ ಪೊಲೀಸ್ ಚೌಕಿ ಎಂದಳು ಗಾರ್ಗಿ. "ಅವ್ವನ ಮನಿ ಅಲ್ಲ, ಅಕ್ಕಾ. ಈ ಸಲ ನಿನ್ನ ಯಾರೂ ತಿರುಗಿ ಕಳಸೂದಿಲ್ಲ. ನಾ ಕಳಸಗೊಡೂದಿಲ್ಲ."

ಕೇತಕಿ ಮುಖ ಹೊರಳಿಸಿದಳು. ಊರು ದಾಟಿದ ಮೇಲೆ, ಒಡೆದ ತುಟಿಗಳ ನಡುವಿನಿಂದ ಕೇಳಿದಳು, "ಹೂಂ ಅನ್ನು ಅಂದ್ರ ಯಾಕ ಅನ್ನಲಿಲ್ಲ?"

"ಅದು ನಾ ಅಲ್ಲ ಅಕ್ಕಾ. ಅದು ಮಶೀನು. ನನ್ನ ಧ್ವನಿ ಅದರಾಗ ತುಂಬ್ಯಾರ, ಅದು ತಾನ ಮಾತಾಡ್ತದ. ದೇವರಾಣಿ, ನಾ ಒದರಾಕತ್ತಿದ್ದೆ, ನಿನಗ ಕೇಳಸಲಿಲ್ಲ..."

"ನಿನ್ನ ಧ್ವನಿ ನನಗ ಗುರ್ತ ಸಿಗೂದಿಲ್ಲೇನ?" ಕೇತಕಿಯ ತೆರೆದ ಕಣ್ಣು ನೇರವಾಗಿ ತಂಗಿಯನ್ನೇ ನೋಡುತ್ತಿತ್ತು. "ನಾ ಸಾಯಾಕತ್ತಿದ್ದೆ. ನೀ ನಗಾಕತ್ತಿದ್ದಿ."

"ಇಲ್ಲ ಅಕ್ಕಾ, ಕೇಳು..."

ಕೇತಕಿ ಮುರಿದ ಬೆರಳಿನ ಕೈಯನ್ನು ಕಷ್ಟಪಟ್ಟು ಮೇಲೆತ್ತಿ ತಂಗಿಯ ಬಾಯಿಯ ಮೇಲಿಟ್ಟಳು. ರಕ್ತ ಅಂಟಿದ ಅಂಗೈ ತುಟಿಗೆ ಹತ್ತಿತು. ಬೀರಣ್ಣ ವ್ಯಾನನ್ನು ಇನ್ನಷ್ಟು ಜೋರಾಗಿ ಓಡಿಸಿದ. ಕಿಟಕಿಯಿಂದ ಬಿಸಿ ಗಾಳಿ ನುಗ್ಗಿ ಇಬ್ಬರ ಕೂದಲನ್ನೂ ಕೆದರುತ್ತಿತ್ತು. ನಡುದಾರಿಯ ವಳಸಂಗ ದಾಟುವ ಹೊತ್ತಿಗೆ ಕೇತಕಿಯ ತೆರೆದ ಕಣ್ಣೂ ಮುಚ್ಚಿತ್ತು, ಉಸಿರು ಒಂದೇ ಸಮ ಆಡುತ್ತಿತ್ತು. ಕೈ ಮಾತ್ರ ಇನ್ನೂ ಅಲ್ಲೇ ಇತ್ತು. ಗಾರ್ಗಿ ಅದನ್ನು ಸರಿಸದೆ ಮೂಗಿನಿಂದ ಉಸಿರಾಡುತ್ತ ಕುಳಿತಳು.